ಸೆಟೆದು ನಿಂತ ಮಡಿ ಸೀರೆ

ಆ ಹೋಟೆಲಿಗೆ ನೂರು ವರ್ಷ ದಾಟಿದೆ. ಆಲ್ಪ್ಸ್ ಬೆಟ್ಟದ ಸ್ಕೀ ಊರೊಂದರಲ್ಲಿ, ಕೆತ್ತನೆಯ ಮರದ ಬಾಲ್ಕನಿಗಳನ್ನು ಮೆರೆಸುತ್ತ ನಿಂತಿದೆ. ಹಿಂದೆ ರಾಜಮನೆತನದವರು ಇಳಿದುಕೊಳ್ಳುತ್ತಿದ್ದರಂತೆ. ನೆದರ್ಲೆಂಡ್ಸ್‌ನ ಆಲ್ಮೆರೆ ಊರಿನ ನಮ್ಮ ಮನೆಯಿಂದ ಇಡೀ ದಿನ ಕಾರು ಓಡಿಸಿಕೊಂಡು ಅಲ್ಲಿಗೆ ಹೋದದ್ದು ಅತ್ತೆಗಾಗಿ. ಗದಗಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅವರು, ಒಮ್ಮೆ ಹಿಮ ನೋಡಬೇಕು ಎಂದಿದ್ದರು. ಅವರ ಅವಲಕ್ಕಿ, ದೇವರ ಪೆಟ್ಟಿಗೆ, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವನ್ನೂ ನಾನೇ ತುಂಬಿದ್ದೆ. ರೇಷ್ಮೆಯ ಮಡಿ ಸೀರೆಯನ್ನು ಮಾತ್ರ ಮರೆತಿದ್ದೆ.

ಅತ್ತೆ ಮಡಿಯುಟ್ಟು ಪೂಜೆ ಮಾಡದೆ ಬಾಯಿಗೆ ತುತ್ತಿಡುವವರಲ್ಲ. ರೇಷ್ಮೆಯಿಲ್ಲವೆಂದರೆ ನೂಲಿನ ಸೀರೆಯನ್ನು ತಾವೇ ಒಗೆದು, ಯಾರೂ ಮುಟ್ಟದ ಕಡೆ ಒಣಗಿಸಿ ಉಡಬೇಕು. ಮದುವೆಯಾಗಿ ಹತ್ತೊಂಬತ್ತು ವರ್ಷವಾದರೂ ಹಾಗೆ ಒಗೆದ ಸೀರೆಗೆ ನನ್ನ ಕೈ ಸೋಕಿರಲಿಲ್ಲ. ಕಮೋಡ್ ಇದೆಯೆಂದು ಬಚ್ಚಲಲ್ಲಿ ಒಣಹಾಕಲು ಅತ್ತೆ ಒಪ್ಪಲಿಲ್ಲ. ನಾನು ಕೆಳಗೆ ಹಾಲು ತರಲು ಹೋದಾಗ, ಬಿಸಿಲು ಚೆನ್ನಾಗಿದೆಯೆಂದು ಒಂಬತ್ತು ಗಜದ ಸೀರೆಯನ್ನು ಬಾಲ್ಕನಿಯಿಂದ ಇಳಿಬಿಟ್ಟಿದ್ದರು. ಬಂದು ನೋಡಿದರೆ ಅದು ಚಳಿಗೆ ಹೆಪ್ಪುಗಟ್ಟಿ ಸುಟ್ಟ ಹಪ್ಪಳದ ಹಾಗೆ ಸೆಟೆದಿತ್ತು.

"ಇಷ್ಟ್ ಬಿಸಲ ಅದ, ಸೀರಿ ಯಾಕ ಹಿಂಗಾತು?" ಎಂದರು, ಬಿಸಿಲಿಗೂ ನಾನೇ ಜವಾಬ್ದಾರಳು ಎಂಬಂತೆ.

"ಅತ್ತೆ, ಇವತ್ತೊಂದಿನ ಹಾಗೇ ತಿನ್ನಿ. ಶುಗರ್ ಲೋ ಆದ್ರೆ ಇಲ್ಲಿ ಯಾವ ಡಾಕ್ಟರನ್ನ ಹುಡುಕ್ಲಿ?"

"ನೀ ತಿನ್ನು ಹೋಗು. ನಾ ಕೂಡ್ತೀನಿ."

ನನಗೆ ಮೈಯೆಲ್ಲ ಉರಿಯಿತು. ಮರೆತವಳು ನಾನೇ ಎಂಬುದು ಇನ್ನಷ್ಟು ಉರಿಸಿತು. ಹಿಂದಿನ ದಿನವೆಲ್ಲ ದಾರಿಯಲ್ಲಿ ಅವರು ತಿಂದದ್ದು ಎರಡು ಬಾಳೆಹಣ್ಣು. ಗಂಡ, ಮಗಳು ಸ್ಕೀ ಪಾಠಕ್ಕೆ ಹೋಗಿ ಬಚಾವಾಗಿದ್ದರು.

ಅಷ್ಟರಲ್ಲಿ ಬಾಗಿಲು ತಟ್ಟಿದವರು ಹೋಟೆಲಿನ ಬಟ್ಟೆಬರೆ ನೋಡಿಕೊಳ್ಳುವ ಹಿರಿಯ ಹೆಂಗಸು. ಬಾಲ್ಕನಿಯಲ್ಲಿ ಏನನ್ನೂ ನೇತುಹಾಕುವಂತಿಲ್ಲ ಎಂದರು. ನನ್ನ ಡಚ್ಚನ್ನು ಅವರ ಜರ್ಮನ್‌ಗೆ ಹೇಗೋ ಹೊಂದಿಸಿ ಹೇಳಿದೆ: ಇದು ಒಣಗುವ ತನಕ ಈ ಅಜ್ಜಿ ಉಣ್ಣುವುದಿಲ್ಲ, ಯಾರೂ ಇದನ್ನು ಮುಟ್ಟಬಾರದು. ನಗುತ್ತಾರೆ ಅಂದುಕೊಂಡಿದ್ದೆ. ಅವರು ಹೋಗಿ ಎರಡು ಸ್ಕೀ ಕೋಲು ತಂದರು.

ಕೋಲುಗಳ ಮೇಲೆ ಸೀರೆ ಹೊತ್ತು ಅವರು ಮುಂದೆ, ಕಣ್ಣು ಕೀಳದೆ ಅತ್ತೆ ಹಿಂದೆ, ಕೊನೆಗೆ ನಾನು. ರಾಜರು ಇಳಿದ ಮೆಟ್ಟಿಲಿನಲ್ಲಿ ನಮ್ಮ ಮೆರವಣಿಗೆ ನೆಲಮಾಳಿಗೆಯ ಇಸ್ತ್ರಿ ಕೋಣೆಗೆ ಹೋಯಿತು. ಗೋಡೆಯುದ್ದಕ್ಕೂ ಬಿಸಿನೀರಿನ ಕೊಳವೆ, ಮೇಲೆ ಹಗ್ಗದಲ್ಲಿ ತೂಗುಬಿಟ್ಟ ಮರದ ಗಳಗಳು.

"ನಮ್ಮನಿ ಗಳಾನ ಅದ ನೋಡು," ಎಂದು ಅತ್ತೆ ಮುಖ ಅರಳಿಸಿದರು.

ಗಳಕ್ಕೆ ಏರಿಸುವಾಗ, ಶಾಖಕ್ಕೆ ಮೆತ್ತಗಾಗಿದ್ದ ಸೀರೆಯ ತುದಿ ಜಾರಿತು. ನೆಲ ಮುಟ್ಟುವ ಮೊದಲೇ ಆ ಹೆಂಗಸು ಗಬಕ್ಕನೆ ಕೈಯಲ್ಲಿ ಹಿಡಿದುಬಿಟ್ಟರು. ಮತ್ತೆ ಒಗೆಯಬೇಕು, ಮತ್ತೆ ಉಪವಾಸ. ನನ್ನ ಮುಖ ನೋಡಿ ಅವರಿಗೂ ತಪ್ಪಿನ ಅರಿವಾಗಿ, ತುದಿ ಹಿಡಿದುಕೊಂಡೇ ನಿಂತರು. ಅತ್ತೆ ಸೀರೆಯನ್ನು ನೋಡಲಿಲ್ಲ. ಕೆಂಪಗೆ ಬಿರುಕುಬಿಟ್ಟಿದ್ದ ಆ ಹೆಂಗಸಿನ ಬೆರಳುಗಳನ್ನು ನೋಡಿದರು.

"ಇರ್ಲಿ ಬಿಡು. ದಿನಾ ಮುಂಜಾನಿಂದ ಸಂಜಿತನಾ ನೀರಾಗ ಇರೂ ಕೈ ಅವು. ನನಕಿಂತ ಆಕೀನ ಹೆಚ್ಚು ಮಡಿ."

ಒಂದು ಗಂಟೆಯಲ್ಲಿ ಸೀರೆ ಒಣಗಿತು. ಪೂಜೆಯಾಯಿತು, ಅವಲಕ್ಕಿ ಹೊಟ್ಟೆ ಸೇರಿತು, ಮಾತ್ರೆಯೂ ಇಳಿಯಿತು. ನನಗೆ ಸಮಾಧಾನವಾಯಿತು, ಆದರೆ ಹೊಟ್ಟೆಕಿಚ್ಚೂ ಆಯಿತು ಎಂದು ಒಪ್ಪಿಕೊಳ್ಳಬೇಕು. ಹತ್ತೊಂಬತ್ತು ವರ್ಷ ನನಗೆ ಸಿಗದ ರಿಯಾಯಿತಿ ಆಕೆಗೆ ಐದು ನಿಮಿಷದಲ್ಲಿ ಸಿಕ್ಕಿತ್ತು. ಇಡೀ ದಿನ ಅತ್ತೆಯೊಂದಿಗೆ ಬಿಗುವಾಗಿಯೇ ಮಾತಾಡಿದೆ. ಅವರು ಕಿಟಕಿಯ ಬಳಿ ಕೂತು ಹಿಮ ನೋಡಿದರು, ನಡುನಡುವೆ ನನ್ನನ್ನೂ ನೋಡಿದರು.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕರೆದರು. ಒಗೆದ ಸೀರೆಯ ಒಂದು ತುದಿ ಅವರ ಕೈಯಲ್ಲಿತ್ತು.

"ನಿಂತು ಏನ್ ನೋಡ್ತಿ? ಆ ಕಡೆ ತುದಿ ಹಿಡಿ. ಒಬ್ಬಾಕಿಗೇ ಹಿಂಡೂದು ಆಗವಲ್ದು."