ಲಿನನ್ ಬಟ್ಟೆಗೆ ಮಡಿ ಉಂಟಾ?

ನಮ್ಮ ಮನೆಯಲ್ಲಿ ಹತ್ತಿಗೆ ಮೈಲಿಗೆ ತಾಗುತ್ತಿತ್ತು, ರೇಷ್ಮೆಗೆ ತಾಗುತ್ತಿರಲಿಲ್ಲ. ಹಗ್ಗದ ಮೇಲೆ ಒಣಗಿದ ಅತ್ತೆಯ ಹತ್ತಿ ಸೀರೆಗೆ ಶಾಲೆಯಿಂದ ಬಂದ ನನ್ನ ಬೆರಳು ತಾಗಿದರೆ ಅದು ಮತ್ತೆ ಬಾವಿಯ ನೀರಿಗೆ ಹೋಗಬೇಕು. ಪೆಟ್ಟಿಗೆಯ ಪಟ್ಟೆ ಸೀರೆಯನ್ನು ಊರೇ ಮುಟ್ಟಿದರೂ ಅದು ಮಡಿಯೇ. ಯಾಕೆಂದು ಕೇಳಿದರೆ ಅಜ್ಜಿ, "ಅದು ಹಾಗೆ," ಎನ್ನುತ್ತಿದ್ದಳು. ಈ ಕಾನೂನು ಇಲ್ಲದಿದ್ದರೆ ಅತ್ತೆ ಆ ಕಸೂತಿಗೆ ಕೈ ಹಾಕುತ್ತಲೇ ಇರಲಿಲ್ಲ. ಕಾನೂನು ಒಳ್ಳೆಯದಿತ್ತು ಎಂದು ಹೇಳುತ್ತಿಲ್ಲ. ಅದರಲ್ಲೊಂದು ಸಂದು ಇತ್ತು, ಸೂಜಿ ಹೋಗುವಷ್ಟು.

ಇದು ನಡೆದದ್ದು ಪುತ್ತೂರಿನಲ್ಲಿ, ಐವತ್ತರ ದಶಕದ ಕೊನೆಯ ಕಡೆಗೆ, ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದು ರಿಸಲ್ಟಿಗೆ ಕಾಯುತ್ತಿದ್ದ ಬೇಸಿಗೆಯಲ್ಲಿ. ಬೇಸಿಗೆ ಎಂಬುದು ಖಂಡಿತ, ಯಾಕೆಂದರೆ ಬಟ್ಟೆ ಒಣಗಿಬಿಟ್ಟೀತು ಎಂಬ ಭಯ ಇನ್ನೂ ಮೈಯಲ್ಲಿದೆ. ಉಳಿದದ್ದರಲ್ಲಿ ಎಷ್ಟೋ ಕಡೆ ನನ್ನ ನೆನಪಿಗೂ ತಂಗಿಯ ನೆನಪಿಗೂ ಹೊಂದುವುದಿಲ್ಲ. ಹೊಂದದ ಕಡೆ ಹಾಗೆಂದೇ ಬರೆಯುತ್ತೇನೆ. ಒಪ್ಪ ಮಾಡಲು ಹೋಗುವುದಿಲ್ಲ.

ಅತ್ತೆ ಅಪ್ಪನ ಅಕ್ಕ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಹೋಗಿ ತವರಿಗೆ ಬಂದವಳು. ಬಂದಂದಿನಿಂದ ಮಡಿಯಲ್ಲಿ ಅಡಿಗೆ ಮಾಡುವುದು ಅವಳ ಕೆಲಸ. ಬೆಳಿಗ್ಗೆ ಮಿಂದು ಒಲೆಯ ಮುಂದೆ ಕೂತರೆ ದೇವರಿಗೆ ನೈವೇದ್ಯವಾಗಿ ನಮ್ಮ ಊಟ ಮುಗಿಯುವ ತನಕ ನಾವು ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ.

ಟೀಚರಮ್ಮ ನಮ್ಮ ಮನೆಯಿಂದ ಎರಡು ಓಣಿ ಆಚೆ ಒಬ್ಬರೇ ಇದ್ದರು. ಮಿಶನ್ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದ ಕ್ರಿಶ್ಚಿಯನ್ ಹೆಂಗಸು. ಸಂಜೆ ನಾನು ಅವರಲ್ಲಿಗೆ ಕಸೂತಿ ಕಲಿಯಲು ಹೋಗುತ್ತಿದ್ದೆ. "ಇದು ಹೊಲಿಗೆಯಾ ಮಾರಾಯ್ತಿ, ಓತಿ ಓಡಿದ ಗುರ್ತವಾ?" ಎಂದು ಅವರು ನನ್ನ ಬಟ್ಟೆಯನ್ನು ದೂರ ಹಿಡಿದು ನೋಡುತ್ತಿದ್ದರು. ದೂರ ಹಿಡಿಯಲೇಬೇಕಿತ್ತು, ಹತ್ತಿರದ್ದು ಅವರಿಗೆ ಕಾಣುತ್ತಿರಲಿಲ್ಲ. ಒಂದು ದಿನ ನನ್ನ ಕರ್ಚೀಫಿನ ಮೂಲೆಯ ಹೂವಿನ ಮೇಲೆ ಬೆರಳಾಡಿಸಿ, "ಇದು ನಿನ್ನ ಕೈಯಲ್ಲ," ಎಂದರು. ಅದು ಅತ್ತೆಯದ್ದು.

ಆಮೇಲೆ ಅವರು ಕಪಾಟಿನಿಂದ ಒಂದು ಚಪ್ಪಟೆ ಪೆಟ್ಟಿಗೆ ತೆಗೆದರು. ಒಳಗೆ ಒಂದು ಹಳೆಯ ಬಟ್ಟೆ. ಅವರ ಅಜ್ಜಿ ಹುಡುಗಿಯಾಗಿದ್ದಾಗ ಮಿಶನ್ ಶಾಲೆಯಲ್ಲಿ ಹೊಲಿದ ಕಸೂತಿಯ ಮಾದರಿ, ಸ್ಯಾಂಪ್ಲರ್ ಎಂದರು. ಇಂಗ್ಲಿಷ್ ಅಕ್ಷರಗಳ ಎರಡು ಸಾಲು, ಕನ್ನಡದ್ದು ಒಂದು ಸಾಲು, ನಮ್ಮ ಕಡೆ ಎಲ್ಲೂ ಇಲ್ಲದಂಥ ಕಡಿದಾದ ಮಾಡಿನ ಮನೆ, ಅದರ ಎದುರು ಜಿಂಕೆ, ಸುತ್ತ ಒಂದು ಹಣ್ಣಿನ ಬಳ್ಳಿ. ಕಪ್ಪು ನೂಲು ಇದ್ದ ಕಡೆಯೆಲ್ಲ ಏನೂ ಇರಲಿಲ್ಲ. ಆ ಕಾಲದ ಕಪ್ಪು ಬಣ್ಣದಲ್ಲಿ ಕಬ್ಬಿಣದ ಅಂಶ ಇರುತ್ತಿತ್ತಂತೆ, ಅದು ನೂಲನ್ನೇ ತಿಂದುಹಾಕಿತ್ತು. ಸೂಜಿಯ ತೂತುಗಳು ಮಾತ್ರ ಉಳಿದಿದ್ದವು.

"ತೆರೆದಾಗೆಲ್ಲ ಒಂದಿಷ್ಟು ಉದುರ್ತದೆ," ಎಂದರು ಟೀಚರಮ್ಮ. "ಇದರ ಹಾಗೇ ಇನ್ನೊಂದು ಬೇಕು ನನಗೆ. ಎಳೆಗೆ ಎಳೆ. ನನ್ನ ಕಣ್ಣು ಆಗುದಿಲ್ಲ. ನಿನ್ನ ಅತ್ತೆ ಮಾಡ್ತಾರಾ ಕೇಳು."

ಹಳೆಯದನ್ನು ಮನೆಯಿಂದ ಹೊರಗೆ ಒಯ್ಯುವಂತಿರಲಿಲ್ಲ. ನಾನು ಅದರ ಎದುರು ಕೂತು, ಚೌಕದ ಗೆರೆ ಇದ್ದ ಕಾಗದದಲ್ಲಿ ಹೊಲಿಗೆ ಹೊಲಿಗೆಯನ್ನೂ ಗುರುತು ಮಾಡಿಕೊಂಡೆ. ತೂತಿಗೆ ಸೊನ್ನೆ ಹಾಕಿದೆ. ಹೊಲಿಯಲು ಬಾರದವಳಿಗೆ ಎಣಿಸಲು ಬರುತ್ತಿತ್ತು. ಟೀಚರಮ್ಮ ತಮ್ಮಲ್ಲಿದ್ದ ರೇಷ್ಮೆ ಲಡಿಗಳನ್ನೂ, ಹಿಂದೆ ಮಿಶನ್ ಬಂಗ್ಲೆಯ ಬಿಳಿ ಅಮ್ಮನೋರು ತಮ್ಮ ದೇಶಕ್ಕೆ ಮರಳುವಾಗ ಕೊಟ್ಟುಹೋದ ಮೇಜಿನ ಹಾಸಿನಿಂದ ಒಂದು ತುಂಡನ್ನೂ ಕಟ್ಟಿಕೊಟ್ಟರು.

ಅದನ್ನು ತಂದು ಹಿಂದಿನ ಜಗಲಿಯ ಮೆಟ್ಟಿಲಲ್ಲಿ ಇಟ್ಟೆ. ಅಜ್ಜಿ ಬಂದು ಬಗ್ಗಿ ನೋಡಿದಳು.

"ಎಂತ ಅದು?"

"ರೇಷ್ಮೆ ನೂಲು ಅಜ್ಜಿ. ಅತ್ತೆಗೆ."

"ನೂಲು ಸರಿ. ಬಟ್ಟೆ ಹತ್ತಿಯಾ?"

"ಲಿನನ್. ಮೇಜಿನ ಹಾಸಿದ್ದು ತುಂಡು."

"ಹಾಗಂದ್ರೆ?"

ಒಳಗೆ ಪೇಪರ್ ಓದುತ್ತಿದ್ದ ಅಪ್ಪ, "ಹತ್ತಿ ಅಲ್ಲ ಅಮ್ಮ, ಅಗಸೆ ಗಿಡದ ನಾರು," ಎಂದ.

ಅಜ್ಜಿ ಇನ್ನಷ್ಟು ಬಗ್ಗಿ ಬಟ್ಟೆಯ ಅಂಚನ್ನು ನೋಡಿದಳು. ಆಮೇಲೆ, "ಋಷಿಗಳು ಎಂತ ಉಡುದು? ನಾರುಮಡಿ. ಹಾಗಾದ್ರೆ ಇದಕ್ಕೆ ದೋಷ ಇಲ್ಲ," ಎಂದಳು.

"ಋಷಿಗಳು ಅದನ್ನು ಮೇಜಿಗೆ ಹಾಸ್ತಿರಲಿಲ್ಲ," ಅಪ್ಪನ ಸ್ವರ.

"ನೀನು ಪೇಪರ್ ಓದು."

ಈ ತೀರ್ಪು ಕೊಡುವಾಗ ಅಜ್ಜಿ ಮಗಳ ಮುಖ ನೋಡಿದಳು ಎಂದು ಬರೆಯಲು ಆಸೆ. ನೋಡಿದ್ದು ನನಗೆ ನೆನಪಿಲ್ಲ. ಒಳಗೆ ಅತ್ತೆ ಅಕ್ಕಿ ಕಡೆಯುತ್ತಿದ್ದಳು, ಕಲ್ಲಿನ ಸದ್ದು ನಿಂತಿತು. ಅಷ್ಟು ನಿಜ.

ಮಧ್ಯಾಹ್ನ ಊಟವಾದ ಮೇಲೆ ಹೊಲಿಯಬಹುದಿತ್ತಲ್ಲ, ಮಡಿಯಲ್ಲೇ ಯಾಕೆ ಎಂದು ಈಗ ಯಾರಾದರೂ ಕೇಳಬಹುದು. ಲಿನನ್ನಿನ ಎಳೆ ಎಣಿಸಲು ಒಳ್ಳೆಯ ಬೆಳಕು ಬೇಕು. ನಮ್ಮ ಮನೆಯಲ್ಲಿ ಅದು ಬೀಳುತ್ತಿದ್ದದ್ದು ಹಿಂದಿನ ಜಗಲಿಗೆ, ಬೆಳಿಗ್ಗೆ ಮಾತ್ರ. ಅತ್ತೆಗೆ ಬಿಡುವಿದ್ದದ್ದೂ ಆಗಲೇ, ಅನ್ನ ಬೇಯಲು ಇಟ್ಟು ಅಪ್ಪನ ಪೂಜೆ ಮುಗಿಯುವುದನ್ನು ಕಾಯುವ ಹೊತ್ತು.

ಅವಳು ಜಗಲಿಯಲ್ಲಿ ಕೂರುತ್ತಿದ್ದಳು, ನಾನು ಮುಟ್ಟದಷ್ಟು ದೂರ, ಅಂಗಳದ ಮೆಟ್ಟಿಲಲ್ಲಿ. ಕಾಗದ ನೋಡಿ ಹೇಳುತ್ತಿದ್ದೆ: "ಕೆಂಪು ಮೂರು. ಒಂದು ಬಿಡು. ಹಸಿರು ಎರಡು." ಅತ್ತೆ ಎರಡೆರಡು ಎಳೆ ದಾಟಿಸಿ ಗುಣಿಸುವ ಗುರುತಿನಂತೆ ಹೊಲಿಗೆ ಹಾಕುತ್ತಿದ್ದಳು. ಅಂಚಿನ ಹಣ್ಣು ಅವಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ.

"ಇದು ಗೇರುಹಣ್ಣಾದ್ರೆ ಬೀಜ ಎಲ್ಲಿ?"

"ಅದು ಬೇರೆ ದೇಶದ ಹಣ್ಣಂತೆ ಅತ್ತೆ. ಟೀಚರಮ್ಮನೂ ನೋಡಿಲ್ಲ, ಅವರ ಅಜ್ಜಿಯೂ ನೋಡಿಲ್ಲ."

"ನೋಡದ್ದನ್ನು ಇಷ್ಟು ಚಂದ ಮಾಡಿದ್ದಾಳಲ್ಲ," ಎಂದು ಅತ್ತೆ ಮುಂದಿನ ಹೊಲಿಗೆಗೆ ಹೋದಳು.

ಇನ್ನೊಂದು ದಿನ, ನಾನು ಕೇಳದೆಯೇ ಹೇಳಿದಳು: "ಅನ್ನ ಎಷ್ಟು ಮಾಡಿದ್ರೂ ಉಂಡು ಮುಗೀತದೆ. ಇದು ಮುಗಿದ ಮೇಲೆ ಇರ್ತದೆ ನೋಡು." ನನಗೆ ಆಗ ಅದು ಸಾಧಾರಣ ಮಾತು. ಅವಳಿಗೆ ಆ ಬಟ್ಟೆಯನ್ನು ಮುಗಿಸಬೇಕಿತ್ತು. ಅವಳು ಏನನ್ನಾದರೂ ಹಾಗೆ ಬಯಸಿದ್ದನ್ನು ನಾನು ಬೇರೆ ಕಂಡಿಲ್ಲ.

ಅರ್ಧಕ್ಕಿಂತ ಹೆಚ್ಚು ಆದಾಗ ಕೆಂಪು ನೂಲು ತೀರಿತು. ಟೀಚರಮ್ಮ ಜಾಲ್ಸೂರು ದಾರಿಯ ಬಸ್ಸಿನ ಪರಿಚಯದ ಕಂಡಕ್ಟರನಿಗೆ ಹೇಳಿ ಕಾಸರಗೋಡಿನಿಂದ ಒಂದು ಲಡಿ ತರಿಸಿದರು. ನೋಡಲು ಅದೇ ಕೆಂಪು. ಜಿಂಕೆಯನ್ನು ಅತ್ತೆ ಅದರಲ್ಲೇ ಹೊಲಿದಳು.

ಆಗ ಸುಳ್ಯದಿಂದ ಅಜ್ಜಿಯ ತಂಗಿ ಬಂದಳು. ಚಿಕ್ಕಜ್ಜಿ ಎನ್ನುತ್ತಿದ್ದೆವು. ಮಡಿಯಲ್ಲಿ ಅಜ್ಜಿಗಿಂತ ಒಂದು ಕೈ ಮೇಲೆ.

"ಅಕ್ಕಾ, ನಿನ್ನ ಮಗಳು ಮಡಿಯಲ್ಲಿ ಎಂತ ಹಿಡ್ಕೊಂಡು ಕೂತಿದ್ದಾಳೆ?"

"ನಾರು."

"ಯಾವ ಬಾಳೆದ್ದು?"

"ಬಾಳೆದ್ದಲ್ಲ. ಅಗಸೆದ್ದು. ವಿಲಾಯಿತಿದ್ದು."

"ವಿಲಾಯಿತಿ ನಾರಿಗೆ ನಮ್ಮ ಶಾಸ್ತ್ರ ಗೊತ್ತುಂಟಾ? ಬಂದದ್ದು ಯಾರ ಮನೆಯಿಂದ?"

"ಟೀಚರಮ್ಮನ ಮನೆಯಿಂದ."

ಚಿಕ್ಕಜ್ಜಿ ಎಲೆ ಅಡಿಕೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು. "ಆ ಕೈಯಲ್ಲೇ ನೈವೇದ್ಯದ ಅನ್ನ. ನಾನೆಂತ ಹೇಳುದು, ನಿಮ್ಮ ಮನೆ."

ಇಲ್ಲಿಂದ ಒಂದು ನಿಮಿಷ ನನ್ನ ಹತ್ತಿರ ಎರಡು ತರ ಇದೆ. ಒಂದರಲ್ಲಿ ಅಜ್ಜಿ, "ಒಮ್ಮೆ ನೀರಲ್ಲಿ ಮುಳುಗಿಸಿ ತಾ, ಇವಳ ಬಾಯಿ ಮುಚ್ಚಲಿ," ಎನ್ನುತ್ತಾಳೆ. ಇನ್ನೊಂದರಲ್ಲಿ ಯಾರೂ ಏನೂ ಹೇಳುವುದಿಲ್ಲ. ಅತ್ತೆಯೇ ಎದ್ದು ಬಾವಿಕಟ್ಟೆಗೆ ನಡೆಯುತ್ತಾಳೆ, ತೀರ್ಪು ಬದಲಾಗುವ ಮೊದಲೇ. ನನ್ನ ತಂಗಿ ಮೊದಲನೆಯದನ್ನು ಹೇಳುತ್ತಾಳೆ. ನನಗೆ ಎರಡನೆಯದು ಕಾಣುತ್ತದೆ, ಅತ್ತೆಯ ಬೆನ್ನು ಸಹಿತ. ಕಂಡದ್ದೆಲ್ಲ ನಡೆದದ್ದೆಂದು ನಂಬುವ ವಯಸ್ಸು ನನಗೆ ದಾಟಿದೆ. ಯಾರು ಹೇಳಿದರೂ, ಹೇಳದಿದ್ದರೂ, ಹೊಲಿಗೆ ಮುಕ್ಕಾಲು ಆಗಿದ್ದ ಆ ಬಟ್ಟೆಯನ್ನು ಅತ್ತೆ ಹತ್ತಿ ಸೀರೆಯ ಹಾಗೆ ಬಾಲ್ದಿಯ ನೀರಲ್ಲಿ ಅದ್ದಿದಳು.

ನೀರು ಪುನರ್ಪುಳಿ ಶರಬತ್ತಿನ ಕೆಂಪು ಬಣ್ಣಕ್ಕೆ ತಿರುಗಿತು.

ಅವಳು ಬಟ್ಟೆಯನ್ನು ಎತ್ತಿ ಹಿಡಿದಳು. ಜಿಂಕೆಯ ಕಾಲಿನಿಂದ ಮನೆಯ ಗೋಡೆಯ ಕಡೆಗೆ ಕೆಂಪು ಇಳಿಯುತ್ತಿತ್ತು. "ಹೋಯ್ತು," ಎಂದಳು, ಹಾಲು ಉಕ್ಕಿದಾಗ ಹೇಳುವ ಸ್ವರದಲ್ಲಿ. ಆ ಸ್ವರ ಕೇಳಿ ನಾನು ಓಡಿದೆ.

ಟೀಚರಮ್ಮ ಕೇಳಿದ್ದು ಒಂದೇ: "ಒಣಗಿತಾ?"

"ಇಲ್ಲ."

"ಒಣಗಿದ್ರೆ ಮುಗೀತು. ನಡೆ."

ಕೊಡೆ ಕೂಡ ತೆಗೆದುಕೊಳ್ಳದೆ ಆ ಬಿಸಿಲಲ್ಲಿ ಹೊರಟರು. ಅವರು ಅಲ್ಲಿಯವರೆಗೆ ನಮ್ಮ ಮನೆಗೆ ಬಂದವರಲ್ಲ. ಬಂದಿದ್ದರೂ ಎದುರಿನ ಚಾವಡಿಯಲ್ಲಿ ಕೂರಿಸಿ ಕಳಿಸುತ್ತಿದ್ದೆವು. ಅವರು ಚಾವಡಿಯ ಕಡೆ ನೋಡಲೂ ಇಲ್ಲ, ಮನೆಯನ್ನು ಸುತ್ತಿ ನೇರ ಬಾವಿಕಟ್ಟೆಗೆ ಹೋದರು. ಅತ್ತೆ ಬಟ್ಟೆ ಹಿಡಿದುಕೊಂಡು ಹಾಗೆಯೇ ನಿಂತಿದ್ದಳು.

"ಮತ್ತೆ ಅದ್ದಿ," ಎಂದರು.

"ಇನ್ನೂ ಬಿಡ್ತದಲ್ಲ ಟೀಚರಮ್ಮ?"

"ಬಿಡ್ಲಿ. ಹೆಚ್ಚಿದ್ದ ಬಣ್ಣ ಪೂರ್ತಿ ಹೋಗ್ಲಿ. ಬಟ್ಟೆಯಲ್ಲಿ ನಿಂತು ಒಣಗಬಾರ್ದು, ಅಷ್ಟೆ. ಹಿಂಡ್ಬೇಡಿ, ಉಜ್ಜಬೇಡಿ. ತಣ್ಣೀರು ಬೀಳ್ತಾ ಇರ್ಬೇಕು."

ಅತ್ತೆ ಅದ್ದಿ ಎತ್ತಿದಳು, ಒಬ್ಬಳ ಕೈಗೆ ಬಟ್ಟೆ ಹರಡಲಿಲ್ಲ. ಟೀಚರಮ್ಮ ಎರಡು ಮೂಲೆ ಹಿಡಿದರು. ಮಡಿಯಲ್ಲಿದ್ದವಳೂ ಅವರೂ ಒಂದೇ ಬಟ್ಟೆಯ ಎರಡು ತುದಿಯಲ್ಲಿ ನಿಂತರು. ಇನ್ನು ನೀರು ಸೇದುವವರು ಯಾರು? ಇಬ್ಬರ ಕೈಯೂ ಖಾಲಿ ಇಲ್ಲ. ನಾನು ಮೈಲಿಗೆ, ಹಗ್ಗ ಮುಟ್ಟುವಂತಿಲ್ಲ. ಅಜ್ಜಿ ಜಗಲಿಯಿಂದ ಇಳಿದು ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದಳು.

ಮೊದಲ ಕೊಡ ಬಿತ್ತು. ಚಿಕ್ಕಜ್ಜಿ ಜಗಲಿಯಿಂದಲೇ, "ಅಕ್ಕಾ, ನೀರು ಅವರ ಕೈಗೆ ಬಿದ್ದು ಬಟ್ಟೆಗೆ ಬೀಳ್ತಾ ಉಂಟು," ಎಂದಳು.

"ಬೀಳ್ಲಿ. ನೀರು ಕೆಳಗೆ ಹೋಗುದು. ಮೇಲೆ ಬಂದು ಬಾವಿಗೆ ಹಾರ್ತದಾ?"

"ಆದ್ರೂ..."

"ಶಾಸ್ತ್ರ ಅಷ್ಟು ಗೊತ್ತಿದ್ರೆ ಬಂದು ಒಂದು ಕೊಡ ಎಳಿ."

ಇನ್ನೂ ಸ್ವಲ್ಪ ಹೊತ್ತು ಚಿಕ್ಕಜ್ಜಿ ಗೊಣಗಿದಳು. ಕೊನೆಗೆ ಅಜ್ಜಿ ಏದುಸಿರು ಬಿಡುವುದನ್ನು ನೋಡಿ, "ನಿನ್ನ ಸೊಂಟ ಹೋದ್ರೆ ಆಮೇಲೆ ನಾನೇ ಬಂದು ಕೂರ್ಬೇಕು," ಎನ್ನುತ್ತ ಇಳಿದಳು. ಇಬ್ಬರು ಮುದುಕಿಯರು ಸರದಿಯಲ್ಲಿ ಸೇದಿದರು. ಕೆಂಪು ನೀರು ಬಾಳೆಬುಡಕ್ಕೆ ಹರಿಯಿತು, ಆಮೇಲೆ ಗುಲಾಬಿ, ಆಮೇಲೆ ಬರೀ ನೀರು. ಟೀಚರಮ್ಮ ಒಣಗಿದ ಬಿಳಿ ಬಟ್ಟೆ ಕೇಳಿದಾಗ ಅಜ್ಜಿ ಮೈ ಒರೆಸುವ ತನ್ನ ಮಡಿಯ ಬೈರಾಸನ್ನೇ ಹಗ್ಗದಿಂದ ಎಳೆದು ಕೊಟ್ಟಳು. ಅದು ಹತ್ತಿ.

ಬೈರಾಸಿನ ಮೇಲೆ ಹರಡಿ ಒತ್ತಿದ ಮೇಲೆ ನೋಡಿದರೆ ಜಿಂಕೆಯ ಕಾಲಬುಡದಲ್ಲಿ ಒಂದಿಷ್ಟು ಗುಲಾಬಿ ಉಳಿದಿತ್ತು. ಉಳಿದದ್ದೆಲ್ಲ ಬೆಳ್ಳಗೆ. ಅತ್ತೆ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು.

"ಇನ್ನೆಂತ?" ಎಂದಳು ಅಜ್ಜಿ ಚಿಕ್ಕಜ್ಜಿಗೆ. "ಇಷ್ಟು ಕೊಡ ನೀರು ಬಿದ್ದ ಬಟ್ಟೆ ನಿಮ್ಮ ಸುಳ್ಯದಲ್ಲಿ ಉಂಟಾ? ಇದಕ್ಕಿಂತ ಮಡಿ ಬೇರೆ ಬೇಕಾ?"

ಚಿಕ್ಕಜ್ಜಿ ನಕ್ಕಳೋ ಕೆಮ್ಮಿದಳೋ ಗೊತ್ತಾಗಲಿಲ್ಲ.

ಅಜ್ಜಿ ಆ ದಿನ ಬದಲಾದಳು ಎಂದು ಮುಗಿಸಿದರೆ ಓದಲು ಚೆನ್ನಾಗಿರುತ್ತದೆ. ಆದರೆ ಟೀಚರಮ್ಮನಿಗೆ ಬೆಲ್ಲ ನೀರು ಬಂದದ್ದು ಹೊರಗಿನವರಿಗೆಂದು ಬೇರೆ ಇಟ್ಟ ಗಾಜಿನ ಲೋಟದಲ್ಲಿ. ಅವರು ಲೋಟವನ್ನು ನೋಡಿದರು, ಕುಡಿದರು. ಮರುದಿನ ಅಜ್ಜಿ ಬಾವಿಗೆ ಗಂಗೆಯ ನೀರು ಬಿಟ್ಟಳು ಎಂದು ನನ್ನ ತಂಗಿ ಹೇಳುತ್ತಾಳೆ. ನಾನು ಕಂಡಿಲ್ಲ. ಇದ್ದೀತು. ಆ ಹಗ್ಗ ಹಿಡಿದ ಕೈಗೆ ನನ್ನ ಋಣ ಇದರಿಂದ ಕಡಿಮೆಯಾಗುವುದಿಲ್ಲ. ಲೋಟದ ಮಾತು ಬಿಟ್ಟು ಅಜ್ಜಿಯ ಋಣ ತೀರಿಸಲು ಹೋದರೆ ಟೀಚರಮ್ಮನ ಋಣ ಹಾಗೇ ಉಳಿಯುತ್ತದೆ. ಅವರು ಆ ಲೋಟದಲ್ಲಿ ಕುಡಿದೂ, ಅತ್ತೆಯ ಹತ್ತಿರ ಕೂತು, ಜಿಂಕೆಯ ಕಾಲನ್ನು ಬಿಚ್ಚುವುದು ಬೇಡ, ಉಳಿದ ಕೆಂಪಿಗೆ ಮಂಗಳೂರಿನಿಂದ ಬೇರೆ ಲಡಿ ತರಿಸುತ್ತೇನೆ, ಹೊಲಿಯುವ ಮೊದಲು ಒಂದು ತುಂಡನ್ನು ನೀರಲ್ಲಿ ಹಾಕಿ ನೋಡುವಾ ಎಂದು ನಿಧಾನ ಹೇಳಿದರು. ಅತ್ತೆ ತಲೆ ಆಡಿಸಿದಳು. ಮುಗಿಸುತ್ತೀರಾ ಎಂದು ಅವರು ಕೇಳಲಿಲ್ಲ, ಮುಗಿಸಬಹುದೇ ಎಂದು ಅತ್ತೆಯೂ ಯಾರನ್ನೂ ಕೇಳಲಿಲ್ಲ.

ಟೀಚರಮ್ಮ ಹೊರಡುವಾಗ ಅಜ್ಜಿ ಅಂಗಳದ ತುದಿಯ ತನಕ ಹೋದಳು. ಮೈ ಪೂರ್ತಿ ಒದ್ದೆ.

"ಟೀಚರಮ್ಮ, ಇಂಥದ್ದು ಇನ್ನೊಂದು ಉಂಟಾ ನಿಮ್ಮ ಹತ್ತಿರ?"

"ಯಾಕಮ್ಮ?"

"ಇದು ಮಳೆಗಾಲದೊಳಗೆ ಮುಗೀತದೆ. ಆಮೇಲೆ ಇವಳು ಎಂತ ಮಾಡುದು?"

ಟೀಚರಮ್ಮ ಬಿಸಿಲಿಗೆ ಕೈ ಅಡ್ಡ ಹಿಡಿದು ಯೋಚಿಸಿದರು. "ಮಂಗಳೂರಲ್ಲಿ ನನ್ನ ಚಿಕ್ಕಮ್ಮನ ಹತ್ತಿರ ಒಂದು ಉಂಟು. ಇದಕ್ಕಿಂತ ದೊಡ್ಡದು. ಕೊಡ್ತಾರೋ ಇಲ್ವೋ."

"ಕೇಳಿ ನೋಡಿ," ಎಂದಳು ಅಜ್ಜಿ, ಸೌತೆಯ ಬೀಜ ಕೇಳುವ ಹಾಗೆ. "ನಾನು ಕೇಳಿದೆ ಅಂತ ಹೇಳಿ."