ಮುಸುಕು ತೆಗೆಯುವ ಮುನ್ನ ‘ಸರಿ’ ಅನ್ನಬೇಕು

ನಮ್ಮ ಕಸುಬಿನಲ್ಲಿ ಉತ್ತರವನ್ನು ನಮ್ಮಿಂದಲೇ ಮುಚ್ಚಿಡುವ ಪದ್ಧತಿಯಿದೆ. ಬ್ರಹ್ಮಾಂಡ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಏರುತ್ತಿದೆ. ಏರಿಸುತ್ತಿರುವುದು ಏನೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಡಾರ್ಕ್ ಎನರ್ಜಿ ಎಂದು ಹೆಸರಿಟ್ಟು ಸುಮ್ಮನಾಗಿದ್ದೇವೆ. ಕೋಟಿಗಟ್ಟಲೆ ಗ್ಯಾಲಕ್ಸಿಗಳ ಚಿತ್ರ ತೆಗೆದು, ದೂರ ಅಳೆದು, ಡಾರ್ಕ್ ಎನರ್ಜಿಯ ಸ್ವಭಾವ ಹೇಳುವ ಒಂದು ಸಂಖ್ಯೆ ಹೊರಡಿಸುವುದು ನಮ್ಮ ಗುಂಪಿನ ಕೆಲಸ. ಆದರೆ ಮನುಷ್ಯನ ಬುದ್ಧಿ ಗೊತ್ತಲ್ಲ, ತನಗೆ ಬೇಕಾದ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ಬಿಟ್ಟುಬಿಡುತ್ತಾನೆ. ಅದಕ್ಕೇ ಕಂಪ್ಯೂಟರು ಆ ಸಂಖ್ಯೆಗೆ ಗುಟ್ಟಾಗಿ ಇನ್ನೊಂದನ್ನು ಕೂಡಿಸಿ ತೋರಿಸುತ್ತದೆ. ವರ್ಷಗಟ್ಟಲೆ ಹೀಗೆ ಕಣ್ಣು ಕಟ್ಟಿಕೊಂಡು ದುಡಿದು, ಕೊನೆಗೊಂದು ದಿನ ಎಲ್ಲರೂ ಸೇರಿ, ಆ ಕೂಡಿಸಿದ್ದನ್ನು ಕಳೆದು, ಮುಸುಕು ತೆಗೆಯುತ್ತೇವೆ. ತೆಗೆಯುವ ಮುಂಚೆ ಒಬ್ಬೊಬ್ಬರೂ ‘ನನ್ನ ಭಾಗ ಸರಿಯಿದೆ’ ಅನ್ನಬೇಕು. ತೆಗೆದ ಮೇಲೆ ಯಾರೂ ಏನನ್ನೂ ತಿದ್ದುವಂತಿಲ್ಲ.

ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬಂಗಾರಪೇಟೆ ಸ್ಟೇಷನ್ನಿನಿಂದ ಮನೆಗೆ ವಾಪಸು ಬಂದು ನೋಡುವ ನನ್ನಂಥವನು ಇಂಥ ಕಸುಬಿಗೆ ಬರಲೇಬಾರದಿತ್ತು.

ಮುಸುಕು ತೆಗೆಯುವ ಮೀಟಿಂಗು ಆ ದಿನ ಸಂಜೆಗಿತ್ತು. ಗಣಿಯೂರಿನ ಕೋರಮಂಡಲ್ ಬಡಾವಣೆಯ ಮನೆಯಿಂದಲೇ ಸೇರಿಕೊಳ್ಳುವುದೆಂದು ನಾನು ಬೆಂಗಳೂರಿನ ರೈಲು ಹತ್ತಿರಲಿಲ್ಲ. ಬೆಳಿಗ್ಗೆಯೇ ಕ್ಯಾಸಂಬಳ್ಳಿಯಿಂದ ಅಕ್ಕ ಬಂದಳು, ಹಾಲು ಮತ್ತು ಒಂದು ಚೀಲ ಅವರೆಕಾಯಿ ಹೊತ್ತುಕೊಂಡು.

“ಏನ್ಲಾ, ಮಕ ಇಂಗಾಗೈತೆ? ಇವತ್ತೂ ಪರೀಕ್ಷೆನಾ?”

“ಒಂಥರಾ ಪರೀಕ್ಷೆನೇ ಅಕ್ಕ.”

“ಡಾಕ್ಟ್ರಾದ ನನ್ ತಮ್ಮ ಅಂತ ಊರಿಗೆಲ್ಲ ಒಬ್ಬಟ್ಟು ಅಂಚ್ದೆ. ಒಂದು ಸೂಜಿ ಆಕಕ್ಕೂ ಬರಲ್ಲ, ತಲೆ ನೆರೆತ್ರೂ ಪರೀಕ್ಷೆ ಮುಗಿಯಲ್ಲ. ಅದೆಂತಾ ಓದ್ಲಾ ನಿಂದು?”

ಪಿಎಚ್‌ಡಿ ಎಂದರೇನು, ಅದಾದ ಮೇಲಿನ ಪೋಸ್ಟ್‌ಡಾಕ್ ಎಂದರೇನೆಂದು ಅವಳಿಗೆ ವಿವರಿಸುವುದನ್ನು ನಾನು ಕೈಬಿಟ್ಟು ಬಹಳ ಕಾಲವಾಗಿತ್ತು.

ಗಾಳಿ ಬೀಸಿದರೆ, ಮುಚ್ಚಿಹೋದ ಚಿನ್ನದ ಗಣಿ ಬಿಟ್ಟುಹೋದ ಸೈನೈಡ್ ದಿಬ್ಬಗಳ ಧೂಳು ನಮ್ಮ ಮನೆಯೊಳಗೇ ಬಂದು ಕೂರುತ್ತದೆ. ಅಕ್ಕ ಬಂದವಳೇ ಮೇಜು ಒರೆಸಿದ್ದಳು. ನಾನು ಮನಸ್ಸನ್ನು ಎಲ್ಲೋ ಇಟ್ಟುಕೊಂಡು ಅದೇ ಬಟ್ಟೆಯಿಂದ ಇನ್ನೊಮ್ಮೆ ಒರೆಸತೊಡಗಿದೆ.

“ಕಣ್ ಕಾಣಲ್ವೇನ್ಲಾ? ಈಗ್ತಾನೆ ಒರಸಿವ್ನಿ. ನಾನ್ ಮಾಡಿದ್ದು ನಂಬ್ಕೆ ಇಲ್ವಾ?”

ನನ್ನ ಕೈ ಅಲ್ಲೇ ನಿಂತಿತು.

ನಮ್ಮ ಕ್ಷೀರಪಥದಲ್ಲೂ ಧೂಳಿದೆ. ಅದನ್ನು ಹಾದು ಬರುವ ಬೆಳಕು ಕೆಂಪಾಗುತ್ತದೆ. ಗ್ಯಾಲಕ್ಸಿಯ ದೂರವನ್ನು ನಾವು ಹೇಳುವುದು ಅದರ ಬಣ್ಣ ನೋಡಿಯೇ. ಹಾಗಾಗಿ ಧೂಳಿನ ಪಾಲನ್ನು ಕಳೆಯಬೇಕು, ಒಂದೇ ಒಂದು ಸಲ. ಆ ಕಳೆಯುವ ಕೆಲಸ ನನ್ನದು. ಆದರೆ ಬಣ್ಣಗಳ ಮಾಹಿತಿಯನ್ನು ಇತ್ತೀಚೆಗೆ ಇನ್ನೊಂದು ತಂಡ ಹೊಸದಾಗಿ ಮಾಡಿ ಕಳಿಸಿತ್ತು. ಅವರು ಧೂಳು ಕಳೆದೇ ಕಳಿಸಿದ್ದರೆ? ಅದರ ಮೇಲೆ ನಾನೂ ಕಳೆದಿದ್ದರೆ? ಎಲ್ಲ ದೂರಗಳೂ ತಪ್ಪು. ಅಷ್ಟು ಜನರ ಅಷ್ಟು ವರ್ಷ ಮಣ್ಣುಪಾಲು. ಉತ್ತರ ಮುಚ್ಚಿಟ್ಟಿರುವುದರಿಂದ ಅದನ್ನು ನೋಡಿ ಅನುಮಾನ ಪಡುವ ಹಾಗೂ ಇಲ್ಲ.

ಆ ತಂಡದವರಿಗೆ ಮೆಸೇಜು ಹಾಕಿದೆ. ಸಮುದ್ರದಾಚೆ ಎಲ್ಲರೂ ಮಲಗಿದ್ದರು. ಬೆಂಗಳೂರಿನ ನಮ್ಮ ಇನ್‌ಸ್ಟಿಟ್ಯೂಟಿನ ಕಂಪ್ಯೂಟರಿಗೆ ಪರಿಶೀಲಿಸುವ ಕೆಲಸ ಒಪ್ಪಿಸಿದರೆ ಅದು ನನ್ನನ್ನು ಸರತಿಯ ಬಾಲದಲ್ಲಿ ನಿಲ್ಲಿಸಿತು. ನಾಲ್ಕಾರು ಸಲ ಹಿತ್ತಲಿಗೆ ಓಡಾಡಿದ್ದನ್ನು ನೋಡಿ ಅಕ್ಕ, “ಒಟ್ಟೆ ಕೆಟ್ಟೈತೆ, ಮಜ್ಜಿಗೆ ಕುಡಿ” ಎಂದು ಲೋಟ ತಂದಿಟ್ಟಳು.

ಸುಮ್ಮನೆ ‘ಸರಿ’ ಅಂದುಬಿಡಲೇ ಅನ್ನಿಸಿತು. ಹುಲಿ ಬಂತು ಹುಲಿ ಎಂದು ನಾನು ಈ ಗುಂಪಿನಲ್ಲಿ ಹಿಂದೆಯೂ ಕೂಗಿದ್ದುಂಟು. ಒಂದು ಸಲವೂ ಬೆಕ್ಕು ಸಹ ಬಂದಿರಲಿಲ್ಲ.

ಸಂಜೆ ಪರದೆಯ ತುಂಬ ಮುಖಗಳು. ಗುಂಪಿನ ಮುಖ್ಯಸ್ಥೆ ಒಬ್ಬೊಬ್ಬರನ್ನೇ ಕರೆಯುತ್ತ ಬಂದರು. ಸರಿ. ಸರಿ. ಸರಿ. ನನ್ನ ಸರದಿ ಬಂತು. ಇದ್ದಬದ್ದ ಧೈರ್ಯವನ್ನೆಲ್ಲ ಬಳಿದುಕೊಂಡು, “ಕ್ಷಮಿಸಿ, ನನಗೆ ಅನುಮಾನವಿದೆ, ಇವತ್ತು ಬೇಡ” ಎಂದೆ. ಯಾರ ಮುಖವೂ ಅಲುಗಲಿಲ್ಲ. ಇಷ್ಟು ಕೋಪವೇ ಅಂದುಕೊಂಡೆ.

“ನಿಮ್ಮ ಮೈಕ್ ಆಫ್ ಆಗಿದೆ” ಎಂದರು ಮುಖ್ಯಸ್ಥೆ.

ಬಳಿದ ಧೈರ್ಯ ಮುಗಿದುಹೋಗಿತ್ತು. ಎರಡನೆಯ ಸಲ ಹೇಳಿದಾಗ ದನಿ ನನ್ನದಾಗಿರಲಿಲ್ಲ. ಆಮೇಲೆ ಆಗಲೇ ‘ಸರಿ’ ಅಂದಿದ್ದ ಒಬ್ಬರು, “ಹಾಗಾದರೆ ನಾನೂ ಒಂದು ವಿಷಯ ನೋಡಬೇಕಿತ್ತು” ಎಂದು ಗಂಟಲು ಸರಿಮಾಡಿಕೊಂಡರು. ಅವರ ಹಿಂದೆ ಮತ್ತೊಬ್ಬರು. ಮುಸುಕು ತೆಗೆಯುವುದು ಒಂದು ವಾರ ಮುಂದಕ್ಕೆ ಹೋಯಿತು.

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಕ್ಕ ಕೇಳಿದಳು: “ಬೈದ್ರಾ?”

“ಇಲ್ಲಕ್ಕ.”

“ಮತ್ಯಾಕ್ಲಾ ಇಂಗ್ ನಡುಗ್ತೀಯಾ?”

ಮರುದಿನ ಆ ತಂಡದವರಿಂದ ಉತ್ತರ ಬಂತು. ಧೂಳು ಕಳೆದಿದ್ದದ್ದು ಒಂದೇ ಸಲ. ಕುಣಿಯಬೇಕಿತ್ತು. ಬದಲಿಗೆ, ಅಷ್ಟು ಜನರನ್ನು ಸುಮ್ಮಸುಮ್ಮನೆ ತಡೆದೆನಲ್ಲ ಎಂದು ಕೊರಗುತ್ತ ಕೂತೆ. ಉಳಿದಿಬ್ಬರ ಅನುಮಾನಗಳೂ ಹಾಗೇ ಕರಗಿದವು ಎಂದು ತಿಳಿದಾಗ ತುಸು ಸಮಾಧಾನವಾಯಿತು, ಮೂರ್ಖರ ಸಂಖ್ಯೆ ಮೂರಾಯಿತೆಂದು.

ವಾರದ ನಂತರ ನಾನೂ ‘ಸರಿ’ ಎಂದೆ, ಮೈಕ್ ಆನ್ ಮಾಡಿಕೊಂಡೇ. ಮುಸುಕು ಸರಿಯಿತು. ನಮ್ಮ ಸಂಖ್ಯೆ, ಬೇರೆ ಗುಂಪುಗಳು ಈ ಮೊದಲೇ ಕಂಡ ಸಂಖ್ಯೆಗಳ ಪಕ್ಕದಲ್ಲಿ ವಿಧೇಯವಾಗಿ ಕೂತಿತ್ತು. ಯಾರೋ ನಿರಾಸೆಯಿಂದ “ಬೋರಿಂಗ್” ಅಂದರು. ನಾನು ಕುರ್ಚಿಗೆ ಒರಗಿ, ವಾರದಿಂದ ಹಿಡಿದಿಟ್ಟಿದ್ದ ಉಸಿರು ಬಿಟ್ಟೆ.

ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗಿರಲಿಲ್ಲ, ಇನ್ನೊಂದು ಹೊಳೆಯಿತು: ಎಲ್ಲರಿಗೂ ಒಂದೇ ಉತ್ತರ ಬಂದಿದೆ. ಎಲ್ಲರೂ ಒಂದೇ ತಪ್ಪು ಮಾಡಿದ್ದರೆ?

ಬಾಯಿ ತೆರೆದೆ. ಅತ್ತ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.