ಪೆಟ್ಟಿಗೆಗೂ ಒಂದು ಹೂವು

ಹಾಸನದ ನಮ್ಮ ಔಟ್‌ಹೌಸಿನಲ್ಲಿ ಬಾಡಿಗೆಗಿದ್ದಳು, ಹಳೇಕೋಟೆ ಕಡೆಯ ಗಾರ್ಮೆಂಟ್ಸ್ ಟೈಲರ್. ಮಾತಾಡುತ್ತಲೇ ನನ್ನ ಬ್ಲೌಸಿನಲ್ಲಿ ಇಳಿಬಿದ್ದ ದಾರ ಕಿತ್ತು ತೆಗೆಯುವಳು. ಬೆಳಿಗ್ಗೆ ಕೆಲಸಕ್ಕೆ ಹೊರಟವಳನ್ನು ಕಾಫಿಗೆ ಕರೆದರೆ, "ಆಗ್ಲಿ ಬುಡಿ ಅಮ್ಮಾವ್ರೆ, ನೋಡಾನ," ಎನ್ನುತ್ತ ಕುಡಿಯದೆಯೇ ಹೋಗಿಬಿಡುವಳು.

ಕಾರಣ ಆಮೇಲೆ ತಿಳಿಯಿತು. ಫ್ಯಾಕ್ಟರಿಯ ಟಾಯ್ಲೆಟ್ಟಿಗೆ ಬೀಗ, ಕೀ ಸೂಪರ್‌ವೈಸರನ ಜೇಬಿನಲ್ಲಿ. ಹೆಂಗಸರು ನೀರು ಕುಡಿಯಲೂ ಹೆದರುತ್ತಿದ್ದರು. ಬಟ್ಟೆ ಕೊಳ್ಳುವ ಫಾರಿನ್ನವರು ಕಂಪ್ಲೇಂಟ್ ಬಾಕ್ಸ್ ಇಡಿಸಿದ್ದರು, ತೆರೆಯುವವರೂ ಅವರೇ. ಆದರೆ ಅದಿದ್ದದ್ದು ಸೂಪರ್‌ವೈಸರನ ಕಣ್ಣೆದುರಿಗೆ. ಹತ್ತಿರ ಸುಳಿದವಳ ಕೆಲಸ ಹೋಗುತ್ತಿತ್ತು.

"ಬಿ ಬೋಲ್ಡ್ ಕಣೇ, ಬರೆದು ಹಾಕು!" ಎಂದೆ.

"ಆಗ್ಲಿ ಬುಡಿ, ನೋಡಾನ. ಆಯುಧಪೂಜೆ ಬರ್ಲಿ."

ಪೂಜೆಯ ದಿನ ಮೆಷಿನ್ನುಗಳಿಗೆಲ್ಲ ಕುಂಕುಮವಿಟ್ಟ ಮೇಲೆ, ಆ ಬಾಕ್ಸಿಗೂ ಇಟ್ಟು, ಚೀಟಿ ಹಾಕುವ ಸೀಳಿನೊಳಗೆ ಹೂವು ಹಾಕಿ ಕೈಮುಗಿದಳಂತೆ. ಅವಳ ಹಿಂದೆ ಇಡೀ ಲೈನಿನ ಹೆಂಗಸರೂ ಹಾಗೇ ಹೂವು ಹಾಕಿದರಂತೆ. ಪೂಜೆಯಲ್ಲವೇ, ಸೂಪರ್‌ವೈಸರ್ ತಡೆಯುವಂತಿರಲಿಲ್ಲ.

ಫಾರಿನ್ನವರು ಬಂದು ತೆರೆದಾಗ, ಬಾಡಿದ ಹೂವಿನ ನಡುವೆ ಬೀಗದ ವಿಷಯದ ಚೀಟಿ ಸಿಕ್ಕಿತು. ಅಂದೇ ಬೀಗ ತೆಗೆಸಿದರು.

"ಯಾವಳೇ ಹಾಕಿದ್ದು?" ಎಂದು ಸೂಪರ್‌ವೈಸರ್ ಕೂಗಾಡಿದನಂತೆ.

"ಎಲ್ರೂವೆ ಊವ ಆಕುದ್ವಲ್ಲ ಸಾ," ಎಂದಳಂತೆ ಇವಳು.

ಮರುದಿನ ಬೆಳಿಗ್ಗೆ, ಕೆಲಸಕ್ಕೆ ಹೊರಟವಳು ನಾನು ಕರೆಯುವ ಮೊದಲೇ ಒಳಗೆ ಬಂದು ಕೂತಳು. ಮೈ ಡಿಯರ್ ಗರ್ಲ್, ಎರಡು ಲೋಟ ಕಾಫಿ ಕುಡಿದೇ ಎದ್ದಳು.